ಅನಿಲದ ಲೆಕ್ಕದಲ್ಲಿ ಗೆಲಾಕ್ಸಿಗಳ ಬೆಳವಣಿಗೆ: ನನ್ನ ಅನುಭವ

ವಿಶ್ವದ 1380 ಕೋಟಿ ವರ್ಷಗಳ ಇತಿಹಾಸದಲ್ಲಿ ನಕ್ಷತ್ರಗಳ ಹುಟ್ಟು ಅತ್ಯಂತ ಬಿರುಸಾಗಿದ್ದದ್ದು ಸುಮಾರು 1000 ಕೋಟಿ ವರ್ಷಗಳ ಹಿಂದೆ. ಇಂದು ಅದರ ವೇಗ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದಿದೆ. ಈ ಏರಿಳಿತವನ್ನು ದೊಡ್ಡ ಸಿಮ್ಯುಲೇಷನ್‌ಗಳ ನೆರವಿಲ್ಲದೆ ಎಷ್ಟರಮಟ್ಟಿಗೆ ವಿವರಿಸಬಹುದೆಂದು ನೋಡಲು, ಗೆಲಾಕ್ಸಿಯನ್ನು ಒಂದು ತೊಟ್ಟಿಯೆಂದು ಭಾವಿಸುವ ಸರಳ ಮಾದರಿಯನ್ನು ಆರಿಸಿಕೊಂಡೆ. ಸುತ್ತಲಿನ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯ) ಬೆಳೆದಂತೆ ಅದರೊಡನೆ ಹೊಸ ಅನಿಲ ಒಳಬರುತ್ತದೆ, ಅದರಲ್ಲಿ ಒಂದಂಶ ನಕ್ಷತ್ರಗಳಾಗುತ್ತದೆ, ಮತ್ತೊಂದಂಶವನ್ನು ಸೂಪರ್‌ನೋವಾಗಳು, ಅಂದರೆ ಸ್ಫೋಟಿಸುವ ನಕ್ಷತ್ರಗಳು, ಹೊರಗೆಸೆಯುತ್ತವೆ.

ಮಾದರಿಯನ್ನು ಕಂಪ್ಯೂಟರಿನಲ್ಲಿ ಮೊದಲ ಸಲ ಓಡಿಸಿದಾಗ ಚಿಕ್ಕ ಗೆಲಾಕ್ಸಿಗಳಲ್ಲಿ ಅನಿಲದ ರಾಶಿ ಏರುಪೇರಾಗುತ್ತಾ ಹೋಗಿ ಕೊನೆಗೆ ಸೊನ್ನೆಗಿಂತ ಕೆಳಗಿಳಿಯಿತು. ಭೌತಶಾಸ್ತ್ರದಲ್ಲೇ ತಪ್ಪಿದೆಯೆಂದು ಹಲವು ದಿನ ಹುಡುಕಿದೆ. ತಪ್ಪು ಇದ್ದದ್ದು ಕಾಲದ ಹೆಜ್ಜೆಯಲ್ಲಿ, ಅಂದರೆ ಒಂದು ಲೆಕ್ಕಕ್ಕೂ ಮುಂದಿನ ಲೆಕ್ಕಕ್ಕೂ ನಡುವೆ ಬಿಡುವ ಕಾಲದ ಅಂತರದಲ್ಲಿ. ಅನಿಲವೆಲ್ಲ ನಕ್ಷತ್ರಗಳಾಗಲು 50 ಕೋಟಿ ವರ್ಷ ಬೇಕೆಂದು ಇಟ್ಟುಕೊಂಡಿದ್ದೆ. ಆದರೆ ಹುಟ್ಟುವ ನಕ್ಷತ್ರಗಳ ಹತ್ತು ಪಟ್ಟು ಅನಿಲ ಹೊರಹೋಗುವ ಚಿಕ್ಕ ಗೆಲಾಕ್ಸಿಯಲ್ಲಿ ತೊಟ್ಟಿ ಬರಿದಾಗುವ ಕಾಲಮಾನ ಐದು ಕೋಟಿ ವರ್ಷಕ್ಕಿಂತ ಕಡಿಮೆ, ನನ್ನ ಹೆಜ್ಜೆಯೋ ಹತ್ತು ಕೋಟಿ ವರ್ಷದ್ದು. ಪ್ರತಿ ಹೆಜ್ಜೆಯೊಳಗೆ ಒಳಹರಿವು ಸ್ಥಿರವೆಂದು ಗಣಿಸಿ, ಸಮೀಕರಣದ ನಿಖರ ಪರಿಹಾರವನ್ನೇ ಬಳಸಿದ ಮೇಲೆ ಆ ತೊಂದರೆ ಪೂರ್ತಿಯಾಗಿ ನಿಂತಿತು.

ಅನಂತರ ಮಾಡಿದ ಒಂದು ಪರೀಕ್ಷೆ ನನ್ನ ತಿಳಿವಳಿಕೆಯನ್ನೇ ಬದಲಿಸಿತು. ಅನಿಲ ನಕ್ಷತ್ರವಾಗುವ ಕಾಲಾವಧಿಯನ್ನು ಅರ್ಧಕ್ಕೆ ಇಳಿಸಿದರೆ ನಕ್ಷತ್ರ ಜನನದ ದರ ಇಮ್ಮಡಿಯಾಗುವುದೆಂದು ಎಣಿಸಿದ್ದೆ. ಆರಂಭದ ಅಲ್ಪ ಕಾಲವನ್ನು ಬಿಟ್ಟರೆ ಆ ದರದ ರೇಖೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಅರ್ಧವಾದದ್ದು ತೊಟ್ಟಿಯಲ್ಲಿ ಉಳಿದ ಅನಿಲ ಮಾತ್ರ. ಎಂದರೆ ದರವನ್ನು ನಿರ್ಧರಿಸುವುದು ಒಳಹರಿವು ಮತ್ತು ಹೊರಹರಿವಿನ ಪ್ರಮಾಣ, ನಕ್ಷತ್ರಗಳನ್ನು ರೂಪಿಸುವ ದಕ್ಷತೆಯಲ್ಲ. ಒಂದೇ ದ್ರವ್ಯರಾಶಿಯ ಡಾರ್ಕ್ ಮ್ಯಾಟರ್ ಗೋಳಕ್ಕೆ ರೆಡ್‌ಶಿಫ್ಟ್ 2ರಲ್ಲಿ (ಎಂದರೆ ಸುಮಾರು 1000 ಕೋಟಿ ವರ್ಷಗಳ ಹಿಂದೆ) ಇಂದಿಗಿಂತ ಸುಮಾರು ಹತ್ತು ಪಟ್ಟು ವೇಗವಾಗಿ ದ್ರವ್ಯ ಸೇರುತ್ತಿತ್ತು ಎಂಬುದನ್ನು ನೆನೆದರೆ, ಅಂದಿನ ಬಿರುಸಿನ ಬಹುಭಾಗಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹೊರಹರಿವನ್ನು ತೆಗೆದುಹಾಕಿದಾಗ ಚಿಕ್ಕ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ವಿಪರೀತ ಹೆಚ್ಚಾದವು. ಆದ್ದರಿಂದ ದ್ರವ್ಯರಾಶಿ ಕಡಿಮೆಯಾದಷ್ಟೂ ಹೊರಹರಿವು ಹೆಚ್ಚುವಂತೆ ಇಟ್ಟೆ. ಇಷ್ಟಾದರೂ ರೆಡ್‌ಶಿಫ್ಟ್ 2ರಲ್ಲಿ ಗೆಲಾಕ್ಸಿಯಲ್ಲಿ ಆಗಲೇ ಇರುವ ನಕ್ಷತ್ರಗಳ ಒಟ್ಟು ದ್ರವ್ಯರಾಶಿಗೆ ಹೋಲಿಸಿದಾಗ ನನ್ನ ಮಾದರಿ ಕೊಡುವ ನಕ್ಷತ್ರ ಜನನ ದರ ವೀಕ್ಷಣೆಗಿಂತ ಕಡಿಮೆಯೇ ಉಳಿಯಿತು. ದಕ್ಷತೆಯ ಅಂಕಿಯನ್ನು ತಿರುಚಿ ಈ ಅಂತರವನ್ನು ಮುಚ್ಚಲಾಗದೆಂದು ಆ ಪರೀಕ್ಷೆಯಿಂದಲೇ ತಿಳಿದಿತ್ತು. ಹಾಗಾಗಿ ಹೊರಗೆಸೆದ ಅನಿಲ ಕೆಲ ಕಾಲದ ನಂತರ ಮರಳಿ ಬೀಳುವಂತೆ ಇನ್ನೊಂದು ತೊಟ್ಟಿಯನ್ನು ಸೇರಿಸಿದ್ದೇನೆ. ಅಂತರ ಕಿರಿದಾಗಿದೆ, ಇನ್ನೂ ಮುಚ್ಚಿಲ್ಲ.