ಫೈಬರ್ ಹರಿಗೋಲಿಗೆ ಗುಳ್ಳೆ ಎದ್ದರೆ ಮೊದಲು ಒಣಗಿಸಿ, ಆಮೇಲೆ ಬಣ್ಣ

ಆನೆಗೊಂದಿ ದಡದಲ್ಲಿ ಬೋರಲು ಹಾಕಿದ ಫೈಬರ್ ಹರಿಗೋಲಿನ ತಳದ ಮೇಲೆ ಒಮ್ಮೆ ಕೈಯಾಡಿಸಿ ನೋಡಿ. ಕಡಲೆಕಾಳಿನಷ್ಟು ಗುಳ್ಳೆಗಳು ಬೆರಳಿಗೆ ಸಿಕ್ಕರೆ ಸುಮ್ನೆ ಬಣ್ಣ ಬಳಿದು ಮುಚ್ಚಬೇಡಿ. ಒಳಗಿನ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಬಿದಿರು ಹೆಣೆದು ಚರ್ಮ ಹೊದಿಸುತ್ತಿದ್ದ ಕಾಲದಲ್ಲಿ ಹರಿಗೋಲು ನೀರು ಕುಡಿದದ್ದು ಕಣ್ಣಿಗೇ ಕಾಣುತ್ತಿತ್ತು. ಫೈಬರ್ ಹಾಗಲ್ಲ. ಅದು ಪಾಲಿಯೆಸ್ಟರ್ ರೆಸಿನ್ ಎಂಬ ರಾಳದಲ್ಲಿ ಗಾಜಿನ ಎಳೆ ಕೂರಿಸಿ ಗಟ್ಟಿ ಮಾಡಿದ್ದು. ಗಾಜು ನೀರು ಹೀರುವುದಿಲ್ಲ, ರೆಸಿನ್ ಹೀರುತ್ತದೆ. ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವೇ. ಹೀರಿದ ರೆಸಿನ್ ಉಬ್ಬಿ ಮೆತ್ತಗಾಗುತ್ತದೆ, ಎಳೆಗೆ ಹಿಡಿದ ಅಂಟು ಬಿಡುತ್ತದೆ. ಅಂಟು ಹೋದರೆ ಒಂದು ಎಳೆಯ ಭಾರ ಇನ್ನೊಂದಕ್ಕೆ ದಾಟುವುದಿಲ್ಲ. ನೀರು ಬೆಚ್ಚಗಿದ್ದಷ್ಟೂ ಬೇಗ ಇಳಿಯುತ್ತದೆ, ನಮ್ಮ ಕಡೆಯ ಬಿಸಿಲಂತೂ ಗೊತ್ತಲ್ವಾ.

ಒಳಗಿನ ಸಣ್ಣ ಪೊಳ್ಳುಗಳಲ್ಲಿ ನಿಂತ ನೀರಿಗೆ ರೆಸಿನ್‌ನ ಅಂಶ ಕರಗಿ ಸೇರುತ್ತದೆ. ಆ ಮಂದ ದ್ರವ ಹೊಳೆಯ ನೀರನ್ನು ಇನ್ನೂ ಎಳೆದುಕೊಳ್ಳುತ್ತದೆ. ಉಪ್ಪು ಮಾವಿನಕಾಯಿ ಹೋಳಿನಿಂದ ನೀರು ಎಳೆಯುತ್ತದಲ್ಲ, ಹಾಗೆ. ಗುಳ್ಳೆ ಏಳುವುದು ಇದರಿಂದಲೇ.

ಮೊದಲು ನಾಣ್ಯದಿಂದ ತಳವನ್ನೆಲ್ಲ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಡಬ್ ಎನ್ನುತ್ತದೆ. ಡಬ್ ಎಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಕನ್ನಡಕ, ಗ್ಲೌಸ್ ಹಾಕಿಕೊಂಡು ಒಂದು ಗುಳ್ಳೆ ಚುಚ್ಚಿ. ಒತ್ತಡಕ್ಕೆ ದ್ರವ ಚಿಮ್ಮಬಹುದು. ಅದು ಅಂಟಂಟಾಗಿದ್ದು ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಒಳಗೆ ರೆಸಿನ್ ಕೆಡುತ್ತಿದೆ ಎಂದೇ ತಿಳಿಯಿರಿ.

ಗುಳ್ಳೆಗಳನ್ನೆಲ್ಲ ಗಟ್ಟಿ ಪದರ ಸಿಗುವವರೆಗೆ ಉಜ್ಜಿ ತೆಗೆಯಿರಿ. ಮಾಸ್ಕ್ ಬಿಡಬೇಡಿ, ಗಾಜಿನ ಪುಡಿ ಎದೆಗೆ ಒಳ್ಳೆಯದಲ್ಲ. ಸಿಹಿನೀರಿನಲ್ಲಿ ನಾಲ್ಕಾರು ಸಲ ತೊಳೆಯಿರಿ. ಆ ಅಂಟು ದ್ರವ ಉಳಿದರೆ ಮತ್ತೆ ನೀರು ಎಳೆಯುತ್ತದೆ.

ಈಗ ಒಣಗಿಸುವುದು. ಎಲ್ಲರೂ ಎಡವುವುದು ಇಲ್ಲೇ. ಮೇಲೆ ಕೈಯಿಟ್ಟರೆ ಎರಡೇ ದಿನಕ್ಕೆ ಒಣಗಿದಂತೆ ಅನಿಸುತ್ತದೆ, ಒಳಗೆ ಒಣಗಲು ವಾರಗಳೇ ಬೇಕು. ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಹಾಗಾಗಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಗಾಳಿಯಾಡುವ ಕಡೆ ಬೋರಲು ಹಾಕಿ, ವಾರಕ್ಕೊಮ್ಮೆ ಕಾಟಾದ ಮೇಲಿಟ್ಟು ತೂಕ ಬರೆದಿಡಿ. ತೂಕ ಇಳಿಯುತ್ತಿದ್ದರೆ ಇನ್ನೂ ನೀರಿದೆ. ಎರಡು ಮೂರು ವಾರ ಒಂದೇ ತೂಕ ನಿಂತರೆ ಒಣಗಿದೆ.

ಕುಳಿಗಳನ್ನು ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್‌ನಿಂದ ತುಂಬಿ. ಪಾಲಿಯೆಸ್ಟರ್‌ಗಿಂತ ಅದು ಹಳೆಯ ಮೈಗೆ ಚೆನ್ನಾಗಿ ಹಿಡಿಯುತ್ತದೆ, ನೀರನ್ನೂ ಕಡಿಮೆ ಒಳಬಿಡುತ್ತದೆ. ಕೊರೆದ ತೂತು, ಕತ್ತರಿಸಿದ ಅಂಚುಗಳಿಗೂ ಬಳಿಯಿರಿ. ಎಳೆ ಬಯಲಾದ ಕಡೆಯೇ ನೀರು ಜಾಸ್ತಿ ನುಗ್ಗುವುದು. ಬಣ್ಣ ಕೊನೆಗೆ.

ಇಷ್ಟೆಲ್ಲ ಮಾಡಿದ ಮೇಲೂ ಕಾಲಿಟ್ಟಾಗ ತಳ ಬಗ್ಗುತ್ತಿದ್ದರೆ ಆ ಹರಿಗೋಲಿನಲ್ಲಿ ಜನರನ್ನು ಕೂರಿಸಬೇಡಿ.