ಆನೆಕೆರೆಯಲ್ಲಿ ಬಕ ಎಣಿಸಲು ಕಲಿತದ್ದು

ಆದಿತ್ಯವಾರ ಉಡುಪಿಯಿಂದ ಬೇಗನೆ ಬಸ್ಸು ಹಿಡಿದರೆ, ಹಿರಿಯಡ್ಕ ದಾಟಿ, ಬಿಸಿಲೇರುವ ಮೊದಲೇ ಕಾರ್ಕಳದ ಆನೆಕೆರೆ ದಂಡೆಯಲ್ಲಿ ಇರಬಹುದು. ನಾನು ಹಕ್ಕಿ ಎಣಿಸಲು ಕಲಿತದ್ದು ಅಲ್ಲೇ. ಕೈಯಲ್ಲಿ ಹಳೇ ದುರ್ಬೀನು, ಒಂದು ನೋಟುಬುಕ್ಕು, ಅಷ್ಟೇ.

ಮೊದಲ ತಿಂಗಳ ಲೆಕ್ಕ ಪೂರ್ತಿ ದಂಡ. ಬಕ 6, ಬೆಳ್ಳಕ್ಕಿ 11 ಅಂತ ಖುಷಿಯಲ್ಲಿ ಬರೆದುಕೊಂಡು ಬರುತ್ತಿದ್ದೆ. ಒಂದು ಬೆಳಿಗ್ಗೆ ಕೆಸರಿನಂಚಲ್ಲಿ ನಿಂತಿದ್ದ ಒಂದೇ ಬಕವನ್ನು ಸುಮ್ನೆ ನೋಡುತ್ತಾ ಕೂತೆ. ಕುತ್ತಿಗೆ ತುಂಬ ಕಂದು ಗೆರೆ, ಬೆನ್ನಿಗೆ ಒದ್ದೆ ಮಣ್ಣಿನ ಬಣ್ಣ. ಪಕ್ಕದಲ್ಲಿ ಯಾರೋ ಬಟ್ಟೆ ಬಡಿದರು. ಬಕ ಕ್ವಾಕ್ ಅಂತ ಎದ್ದಿತು. ಎದ್ದದ್ದೇ ತಡ, ಬೆಳ್ಳಗೆ! ರೆಕ್ಕೆಯ ಬಿಳಿ ಮಡಚಿಟ್ಟಾಗ ಕಾಣುವುದೇ ಇಲ್ಲ. ಕೂತದ್ದನ್ನು ಬಕ ಅಂತ, ಅದೇ ಹಾರಿದರೆ ಬೆಳ್ಳಕ್ಕಿ ಅಂತ ಎರಡೆರಡು ಸಲ ಬರೆದಿದ್ದೆ. ನಾಲ್ಕು ವಾರದ ಲೆಕ್ಕಕ್ಕೆ ಗೀಟು ಹಾಕಿದೆ.

ಆಮೇಲೆ ಮರ, ಕಲ್ಲು, ಮೆಟ್ಟಿಲು ಗುರುತಿಟ್ಟು ಕೆರೆಯನ್ನು ನಾಲ್ಕು ಪಾಲು ಮಾಡಿದೆ. ಎಡದಿಂದ ಬಲಕ್ಕೆ ಒಂದೇ ಸಲ ಎಣಿಕೆ. ಹಾರಿ ಬಂದವಕ್ಕೆ ಬೇರೆ ಕಾಲಂ. ರೆಕ್ಕೆ ಬಿಡಿಸಿ ಒಣಗಿಸುವ ನೀರುಕಾಗೆ ಸುಲಭ, ಸ್ವಲ್ಪ ಹೊತ್ತು ಅಲ್ಲಾಡುವುದಿಲ್ಲ. ಹುಂಡುಕೋಳಿ ಮಾತ್ರ ಪೊದೆಯಿಂದ ಇಣುಕಿ ಮಾಯ.

ಇನ್ನೊಂದು ತೊಂದರೆ ಇತಿಹಾಸದ್ದು! ಕೆರೆಯ ನಡುವೆಯೇ ಜೈನ ಬಸದಿ ಇದೆ. ಅದರ ಹಿಂದೆ ಎಷ್ಟು ಶಿಳ್ಳೆಬಾತು ಅಡಗಿವೆಯೋ ಈಚೆಯಿಂದ ತಿಳಿಯುವುದಿಲ್ಲ. ಹಾಗಾಗಿ ಆಚೆ ದಂಡೆಗೂ ನಡೆಯಬೇಕು. 1262ರಲ್ಲಿ ಅರಸ ಪಾಂಡ್ಯದೇವ ಕಟ್ಟಿಸಿದ ಕೆರೆಯಂತೆ. ಅರಮನೆಯ ಆನೆಗಳು ಮೀಯುತ್ತಿದ್ದುದರಿಂದ ಆನೆಕೆರೆ. ಊರಿನ 42 ಅಡಿಯ ಗೊಮ್ಮಟ ನಿಂತದ್ದು 1432ರಲ್ಲಿ, ಅಂದರೆ ಕೆರೆಯೇ 170 ವರ್ಷ ಹಿರಿದು. ಬಂದವರು ಗೊಮ್ಮಟನನ್ನು ನೋಡಿ ಹಾಗೇ ಹೋಗಿಬಿಡುತ್ತಾರೆ, ಅದೇ ಬೇಜಾರು.

ದಂಡೆಯಲ್ಲಿ ಕೂತಿದ್ದ ಒಬ್ಬರು ಅಜ್ಜನ ಹತ್ತಿರ, "ಇಲ್ಲಿ ಆನೆ ನೋಡಿದ್ದೀರಾ ಅಜ್ಜ?" ಅಂತ ಕೇಳಿದೆ.

"ಆನೆ ಎಲ್ಲಿಂದ ಬರಬೇಕು ಮಾರಾಯ್ರೆ! ಎಮ್ಮೆ ನೋಡಿದ್ದೇನೆ. ಎಮ್ಮೆ ಹಿಂದೆಯೇ ಬೆಳ್ಳಕ್ಕಿ ಬರುತ್ತಿತ್ತು."

ಸರಿಯೇ. ಗೊರಸಿಗೆ ಬೆದರಿ ಮೇಲೇಳುವ ಹುಳಕ್ಕಾಗಿ ಅವು ದನ, ಎಮ್ಮೆಯ ಬೆನ್ನು ಬಿಡುವುದಿಲ್ಲ. ಆ ದಿನ ನೋಟುಬುಕ್ಕಿನಲ್ಲಿ ಹೊಸ ಕಾಲಂ ಎಳೆದೆ: ಎಮ್ಮೆ. ಮೊದಲ ಅಂಕಿ, 0.