150 ಮಿ.ಲೀ. ಕಾಫಿಗೆ ಎಂಥ ಮಗ್? ನಿವೃತ್ತಿಯ ಉಡುಗೊರೆ ಆರಿಸುವ ನನ್ನ ಕ್ರಮ

ಸರ್ಕಾರಿ ಬ್ಯಾಂಕಿನಲ್ಲಿ ನಿವೃತ್ತಿಯ ದಿನ ಮೊದಲೇ ಗೊತ್ತಿರುತ್ತದೆ. 60 ತುಂಬಿದ ತಿಂಗಳ ಕೊನೆಯ ದಿನ. ಒಂದನೇ ತಾರೀಖಿನಂದು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಆದರೂ ಉಡುಗೊರೆಯ ಮಾತು ಏಳುವುದು 27ನೇ ತಾರೀಖು ದಾಟಿದ ಮೇಲೆಯೇ. ಅಷ್ಟು ಹೊತ್ತಿಗೆ ಸಿಗುವುದು ಸ್ಟೇಷನ್ ಪಕ್ಕದ ಅಂಗಡಿಯ ಬಿಳಿ ಮಗ್, ಅದರ ಮೇಲೊಂದು ಗ್ರೂಪ್ ಫೋಟೊ. ಅದು ಶೋಕೇಸ್ ಸೇರುತ್ತದೆ, ಅದರಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಮುಂಬೈಯಲ್ಲಿ ನಮ್ಮ ವಿಭಾಗದ ಬೀಳ್ಕೊಡುಗೆಗಳಿಗೆ ಉಡುಗೊರೆ ತರುವ ಕೆಲಸ ನನ್ನದು. ಮೂರು ವಾರ ಮೊದಲೇ ಶುರು ಮಾಡುತ್ತೇನೆ: ಒಂದು ವಾರ ವಿಚಾರಿಸಲು, ಒಂದು ವಾರ ಹುಡುಕಲು, ಉಳಿದದ್ದು ತಪ್ಪಿದ್ದನ್ನು ಬದಲಿಸಿಕೊಳ್ಳಲು.

ವಿಚಾರಿಸುವುದು ಮನೆಯವರನ್ನು. "ಅಕ್ಕಾ, ಸಾರ್ ಬೆಳಿಗ್ಗೆ ಕಾಫಿ ಯಾವುದರಲ್ಲಿ ಕುಡೀತಾರೆ? ಅದರ ತುಂಬಾ ನೀರು ಹಾಕಿ ಎಷ್ಟು ಹಿಡಿಯುತ್ತೆ ನೋಡಿ ಹೇಳ್ತೀರಾ?" ಇಷ್ಟು ಕೇಳಿದರೆ ಮುಕ್ಕಾಲು ಕೆಲಸ ಮುಗಿಯಿತು. ಇಲ್ಲಿನ ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿ ಬರುವ ಉತ್ತರ ಹೆಚ್ಚಾಗಿ ಒಂದೇ: ಸ್ಟೀಲ್ ಲೋಟ, ಸುಮಾರು 150 ಮಿ.ಲೀ. ಅಂದರೆ 40-50 ಮಿ.ಲೀ. ಡಿಕಾಕ್ಷನ್, ಉಳಿದದ್ದು ಹಾಲು. ದಿನಕ್ಕೆ ಎರಡು ಮೂರು ಸಲ, ಪ್ರತಿಸಲವೂ ಬಿಸಿಬಿಸಿ, ನೊರೆ ಇರುವಂತೆ. ಇನ್‌ಸ್ಟಂಟ್ ಕಾಫಿಯನ್ನು ದೊಡ್ಡ ಮಗ್ ತುಂಬಾ ಮಾಡಿಕೊಂಡು ಪೇಪರ್ ಓದುತ್ತಾ ಕೂರುವವರೂ ಇದ್ದಾರೆ, ಅವರ ಲೆಕ್ಕ ಬೇರೆ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಗ್ 325 ಮಿ.ಲೀ.ನದು. ಈ ಅಂಕಿ ಅಂಚಿನವರೆಗೆ ತುಂಬಿದಾಗಿನದು. ಒಳವ್ಯಾಸ 7.5 ಸೆಂ.ಮೀ. ಇದ್ದರೆ ಮೇಲೆ ಒಂದು ಸೆಂ.ಮೀ. ಬಿಟ್ಟಾಗ 45 ಮಿ.ಲೀ. ಹೋಯಿತು, ನಿಜಕ್ಕೂ ಕುಡಿಯಲು ಸಿಗುವುದು 280. ಅದರಲ್ಲಿ 150 ಮಿ.ಲೀ. ಫಿಲ್ಟರ್ ಕಾಫಿ ಹಾಕಿದರೆ ತಳದಿಂದ ಮೂರೂವರೆ ಸೆಂ.ಮೀ. ಮಾತ್ರ ಏರುತ್ತದೆ. ನೋಡಲು ಅರೆಹೊಟ್ಟೆ ಕಾಫಿ. ಅದಕ್ಕಿಂತ ದೊಡ್ಡ ತೊಂದರೆ ಬಿಸಿಯದು. ಆ ಮಗ್ ಸುಮಾರು 340 ಗ್ರಾಂ ತೂಗುತ್ತದೆ, ಮುಂಬೈ ಅಡುಗೆಮನೆಯಲ್ಲಿ 28 ಡಿಗ್ರಿಯಲ್ಲಿ ಕೂತಿರುತ್ತದೆ. 80 ಡಿಗ್ರಿಯ 150 ಮಿ.ಲೀ. ಕಾಫಿಯನ್ನು ಸುರಿದರೆ ಪಿಂಗಾಣಿಯೇ ಬಿಸಿಯನ್ನು ಹೀರಿಕೊಂಡು, ಲೆಕ್ಕದ ಪ್ರಕಾರ, ಕಾಫಿ 64 ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. 220 ಗ್ರಾಂ ಮಗ್ ಆದರೆ 68ರ ಸುಮಾರು. "ಸ್ಟೀಲ್ ಲೋಟದ ರುಚಿ ಇದರಲ್ಲಿಲ್ಲ" ಎಂದು ಹಿರಿಯರು ಹೇಳುವುದರ ಹಿಂದೆ ಈ ಲೆಕ್ಕದ ಪಾಲೂ ಇದೆ. ತೆಳ್ಳಗಿನ ಲೋಟ ಬಿಸಿಯನ್ನು ಹೀರುವುದು ಬಹಳ ಕಡಿಮೆ.

ಹಾಗಾಗಿ ಫಿಲ್ಟರ್ ಕಾಫಿಯವರಿಗೆ ನಾನು ಹುಡುಕುವುದು ಅಂಚಿನವರೆಗೆ 220ರಿಂದ 250 ಮಿ.ಲೀ. ಹಿಡಿಯುವ, ಖಾಲಿ ತೂಕ 300 ಗ್ರಾಂ ಮೀರದ ಮಗ್. ಬಾಯಿ ತೀರಾ ಅಗಲ ಬೇಡ. ಸೂಪ್ ಬಟ್ಟಲಿನಂತೆ ಅಗಲಿಸಿದ ಮಗ್‌ನಲ್ಲಿ ಕಾಫಿ ಬೇಗ ಆರುತ್ತದೆ, ನೊರೆಯೂ ಹರಡಿ ತೆಳ್ಳಗಾಗುತ್ತದೆ. ಪೆಟ್ಟಿಗೆಯ ಮೇಲಿನ ಅಳತೆಯನ್ನು ನಂಬದೆ, ತಂದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೀರು ತುಂಬಿ ನೋಡುತ್ತೇನೆ. ಒಂದು ಗ್ರಾಂ ಒಂದು ಮಿ.ಲೀ.

ಇನ್ನು ಹಿಡಿ. ಅರವತ್ತರ ಕೈಗೆ ಹಿಡಿಯೇ ಮುಖ್ಯ, ಬಣ್ಣ ಆಮೇಲೆ. ಬೆರಳ ಗಂಟು ನೋಯುವವರಿಗೆ ಒಂದೇ ಬೆರಳು ತೂರುವ ಕಿರಿದಾದ ಹಿಡಿ ಕೊಟ್ಟರೆ ಇಡೀ ಭಾರ ಆ ಒಂದು ಗಂಟಿನ ಮೇಲೆ ಬೀಳುತ್ತದೆ. ಹಿಡಿಯ ಒಳಗಿನ ಎತ್ತರ 6 ಸೆಂ.ಮೀ. ಇದ್ದರೆ ಮೂರು ಬೆರಳು ಹೋಗುತ್ತವೆ. ಹಿಡಿಗೂ ಮಗ್‌ನ ಗೋಡೆಗೂ ನಡುವೆ ಎರಡೂವರೆ ಸೆಂ.ಮೀ. ಸಂದು ಬೇಕು, ಇಲ್ಲದಿದ್ದರೆ ಬೆರಳಿನ ಹಿಂಬದಿ ಬಿಸಿ ಗೋಡೆಗೆ ತಾಗುತ್ತದೆ, ಉಂಗುರ ಹಾಕುವವರಿಗೆ ಇನ್ನೂ ಬೇಗ. ಅಂಗಡಿಯಲ್ಲಿ ಖಾಲಿ ಮಗ್ ಹಿಡಿದು ನೋಡಿದರೆ ಏನೂ ತಿಳಿಯುವುದಿಲ್ಲ. ನನ್ನ ಬಾಟಲಿಯಿಂದ ಅರ್ಧ ನೀರು ತುಂಬಿ, ಎಡಗೈ ಬಲಗೈ ಎರಡರಲ್ಲೂ ಎತ್ತಿ ಬಗ್ಗಿಸಿ ನೋಡುತ್ತೇನೆ. ಮಣಿಕಟ್ಟು ತಿರುಚಿಕೊಂಡರೆ ಹಿಡಿ ತೀರಾ ಕೆಳಗಿದೆ ಎಂದರ್ಥ.

ಹಿಡಿ ಮಗ್‌ಗೆ ಕೂಡುವ ಎರಡು ಜಾಗಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಮಣ್ಣು ಹಸಿಯಿರುವಾಗ ಹಿಡಿಯನ್ನು ಬೇರೆ ಮಾಡಿ ಅಂಟಿಸಿರುತ್ತಾರೆ. ಎರಡರ ತೇವ ಒಂದೇ ಸಮ ಇಲ್ಲದಿದ್ದರೆ ಒಣಗುವಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿ, ಕೂಡಿದ ಗೆರೆಯಲ್ಲಿ ಕೂದಲೆಳೆಯ ಬಿರುಕು ಉಳಿಯುತ್ತದೆ. ಗ್ಲೇಜ್, ಅಂದರೆ ಮೇಲಿನ ಗಾಜಿನಂಥ ಹೊಳಪು ಲೇಪ, ಅದನ್ನು ಮುಚ್ಚಿದರೂ ಉಗುರು ಆಡಿಸಿದರೆ ಸಣ್ಣಗೆ ತಡೆಯುತ್ತದೆ. ಆಮೇಲೆ ಮಗ್ಗನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ಅಂಚನ್ನು ತಟ್ಟುತ್ತೇನೆ. ಗಂಟೆಯಂತೆ ದನಿ ಎಳೆದರೆ ಸರಿ. ಒಡಕು ಮಡಕೆಯಂತೆ 'ಠಪ್' ಎಂದು ನಿಂತರೆ ಎಲ್ಲೋ ಬಿರುಕಿದೆ. ಅಂಗಡಿಯವರು ಬೇಸರ ಮಾಡಿಕೊಂಡರೂ ನಾಲ್ಕೈದು ತಟ್ಟಿ ನೋಡಿಯೇ ಒಂದನ್ನು ತೆಗೆದುಕೊಳ್ಳುತ್ತೇನೆ.

ವಸ್ತುವಿನ ವಿಚಾರದಲ್ಲಿ ನನ್ನ ಆಯ್ಕೆ ಸ್ಟೋನ್‌ವೇರ್ ಅಥವಾ ಬೋನ್ ಚೈನಾ. ಸ್ಟೋನ್‌ವೇರನ್ನು 1200 ಡಿಗ್ರಿಗೂ ಮೇಲೆ ಸುಡುವುದರಿಂದ ಮಣ್ಣಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಮೂಳೆಯ ಬೂದಿ ಬೆರೆಸಿ ಮಾಡುವ ಬೋನ್ ಚೈನಾ ತೆಳ್ಳಗಿದ್ದೂ ಗಟ್ಟಿ, ತೂಕ ಕಡಿಮೆ. ಕೈ ನೋಯುವವರಿಗೆ ಇದೇ ಒಳ್ಳೆಯದು. ಆದರೆ ಮೂಳೆಯ ಬೂದಿ ಎಂಬ ಕಾರಣಕ್ಕೆ ಕಟ್ಟಾ ಸಸ್ಯಾಹಾರಿಗಳ ಮನೆಗೆ ಕೊಡುವ ಮೊದಲು ಯೋಚಿಸಬೇಕು. ಗೊತ್ತಾದ ದಿನ ಆ ಮಗ್ ಅಟ್ಟ ಸೇರುತ್ತದೆ. ಅಂಥ ಮನೆಗೆ ಪೋರ್ಸಲೇನ್ ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಕೊಡುತ್ತೇನೆ.

ಕಡಿಮೆ ಶಾಖದಲ್ಲಿ ಸುಟ್ಟ ಮಗ್ ಹೊರನೋಟಕ್ಕೆ ಸ್ಟೋನ್‌ವೇರ್‌ನಂತೆಯೇ ಇರುತ್ತದೆ. ಗುರುತು ತಳದಲ್ಲಿದೆ. ಮಗುಚಿ ನೋಡಿದರೆ ಗ್ಲೇಜ್ ಇಲ್ಲದ ಒರಟು ಬಳೆಯೊಂದು ಕಾಣುತ್ತದೆ. ಅದರ ಮೇಲೆ ಒಂದು ಹನಿ ನೀರಿಡಿ. ಹನಿ ಹಾಗೇ ನಿಂತರೆ ಒಳ್ಳೆಯದು, ಬಿಸಿ ಕಾವಲಿಯ ಮೇಲೆ ಬಿದ್ದಂತೆ ಮಾಯವಾದರೆ ಮಣ್ಣು ನೀರು ಕುಡಿಯುತ್ತಿದೆ. ಮನೆಗೆ ತಂದ ಮೇಲೆ ಇನ್ನೂ ಖಚಿತ ಮಾಡಿಕೊಳ್ಳಬಹುದು: ಒಣಗಿದ ಮಗ್ ತೂಗಿ, ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಒರೆಸಿ ಮತ್ತೆ ತೂಗಿ. 300 ಗ್ರಾಂ ಮಗ್ ಎರಡು ಮೂರು ಗ್ರಾಂ ಹೆಚ್ಚಿದರೆ ಚಿಂತೆಯಿಲ್ಲ, ಇಪ್ಪತ್ತು ಗ್ರಾಂ ಹೆಚ್ಚಿದರೆ ಅಂಗಡಿಗೆ ವಾಪಸ್. ನೀರು ಕುಡಿದ ಮಗ್ಗನ್ನು ಮೈಕ್ರೋವೇವ್‌ನಲ್ಲಿ ಇಟ್ಟರೆ ಕಾಫಿಗಿಂತ ಮೊದಲು ಹಿಡಿಯೇ ಸುಡುತ್ತದೆ. ಗ್ಲೇಜ್‌ನಲ್ಲಿ ಜೇಡರ ಬಲೆಯಂಥ ಗೆರೆಗಳೆದ್ದು ಕಾಫಿಯ ಕಂದು ಅದರೊಳಗೆ ಇಳಿಯುವುದೂ ಹೆಚ್ಚಾಗಿ ಇಂಥದ್ದರಲ್ಲೇ. ಆ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಗ್ಲೇಜ್‌ನ ಮೇಲಷ್ಟೇ ಕೂತ ಸಾಮಾನ್ಯ ಕಾಫಿ ಕಲೆಯಾದರೆ ಅಡುಗೆ ಸೋಡಾ ಒದ್ದೆ ಮಾಡಿ ತಿಕ್ಕಿದರೆ ಸಾಕು. ತಳದ ಬಳೆಯನ್ನು ಅಂಗೈಗೆ ಉಜ್ಜಿ ನೋಡುವುದನ್ನೂ ಮರೆಯಬಾರದು. ಗರಗಸದಂತಿದ್ದರೆ ಗಾಜಿನ ಟೀಪಾಯಿಯಲ್ಲಿ ಗೀರು ಮೂಡುತ್ತದೆ.

ಒಳಭಾಗ ಬಿಳಿ ಅಥವಾ ತಿಳಿ ಬಣ್ಣದ್ದಿರಲಿ. ಕಡುಕೆಂಪು, ಕಿತ್ತಳೆ, ಹಳದಿ ಬಣ್ಣಗಳಿಗೆ ಕ್ಯಾಡ್ಮಿಯಂ ಬಳಸುವ ರೂಢಿಯಿದೆ, ಅಗ್ಗದ ಗ್ಲೇಜ್‌ಗಳಲ್ಲಿ ಸೀಸವೂ ಇರಬಹುದು. ಹೆಸರಿಲ್ಲದ ಮಾಲಿನಲ್ಲಿ ಇದನ್ನು ಕಣ್ಣಿನಿಂದ ಪತ್ತೆ ಮಾಡಲಾಗದು. ಹಾಗಾಗಿ ಒಳಗೂ, ತುಟಿ ತಾಗುವ ಅಂಚಿನಿಂದ ಎರಡು ಸೆಂ.ಮೀ.ವರೆಗೂ ಚಿತ್ತಾರವಿಲ್ಲದ್ದನ್ನೇ ಆರಿಸುತ್ತೇನೆ. ಚಿನ್ನದ ಗೆರೆಯಿದ್ದರೆ ಮೈಕ್ರೋವೇವ್‌ನಲ್ಲಿ ಕಿಡಿ ಹಾರುತ್ತದೆ.

ಪುಣೆಯ ಕಸಬಾ ಪೇಟೆಯಲ್ಲಿ ತಾಮ್ರ ಬಡಿಯುವವರ ಬೀದಿಯಾದ ತಾಂಬಟ್ ಆಳಿಯಿಂದ ತಾಮ್ರದ ಮಗ್ ತಂದುಕೊಡೋಣ ಎಂದು ಯಾರಾದರೂ ಹೇಳುತ್ತಾರೆ. ಆ ಕಸುಬಿನ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಕಾಫಿಗೆ ಬರಿಯ ತಾಮ್ರ ಆಗದು. ಕಾಫಿಯಲ್ಲಿ ಹುಳಿಯ ಅಂಶವಿದೆ, ಅದು ತಾಮ್ರವನ್ನು ಬಿಡಿಸುತ್ತದೆ. ಒಳಗೆ ಕಲಾಯಿ ಮಾಡಿಸಿದ್ದರೆ ಸರಿ, ಆದರೆ ಕಲಾಯಿ ಸವೆದಾಗ ಮತ್ತೆ ಹಾಕಿಸಲು ನಿವೃತ್ತರು ಎಲ್ಲಿಗೆ ಹೋಗಬೇಕು? ಧಾರಾವಿಯ ಕುಂಭಾರವಾಡದ ಮಣ್ಣಿನ ಕಪ್ ಚೆಂದ, ಆದರೆ ಗ್ಲೇಜ್ ಇಲ್ಲದ್ದು ಹಾಲಿನ ವಾಸನೆ ಹಿಡಿಯುತ್ತದೆ. ಬಿದಿರಿನ ಮುಚ್ಚಳ, ಕಾರ್ಕ್ ತಳ ಇರುವುದನ್ನು ಮುಂಬೈ ಮಳೆಗಾಲಕ್ಕೆ ನಾನು ಕೊಡುವುದೇ ಇಲ್ಲ. ಜುಲೈ ಮುಗಿಯುವುದರೊಳಗೆ ಬೂಷ್ಟು.

ಎರಡು ಗೋಡೆಯ ಸ್ಟೀಲ್ ಮಗ್ ಬೆಳಗಿನ ವಾಕಿಂಗ್‌ಗೆ ಕಾಫಿ ಒಯ್ಯುವವರಿಗೆ ಮಾತ್ರ. ಗೋಡೆಗಳ ನಡುವೆ ಗಾಳಿ ತೆಗೆದಿರುವುದರಿಂದ ಬಿಸಿ ಆರದು, ಹೊರಗೆ ತಣ್ಣಗಿದ್ದು ಒಳಗೆ ಬಾಯಿ ಸುಡುವಂತಿರುತ್ತದೆ. ತೆಗೆದುಕೊಳ್ಳುವುದಾದರೆ 304 ದರ್ಜೆಯ ಸ್ಟೀಲ್ ನೋಡಿ. ಮುಚ್ಚಳದ ಸಿಲಿಕೋನ್ ಉಂಗುರ ಕೈಯಲ್ಲಿ ಬಿಚ್ಚಿ ತೊಳೆಯುವಂತಿರಬೇಕು. ಹಾಲು ಕೂತು ನಾರುವುದು ಅಲ್ಲೇ.

ಮಗ್ ಮೇಲೆ ಕನ್ನಡದಲ್ಲಿ ಬರೆಸುವುದು ಮುಂಬೈಯಲ್ಲಿ ಅತಿ ಹೆಚ್ಚು ತಪ್ಪುವ ಹಂತ. ಫೋಟೊ ಮುದ್ರಿಸುವ ಅಂಗಡಿಗಳಲ್ಲಿ ಸಬ್ಲಿಮೇಷನ್ ವಿಧಾನವಿರುತ್ತದೆ: ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಿ, ಮಗ್‌ಗೆ ಸುತ್ತಿ, 180ರಿಂದ 200 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಒತ್ತುತ್ತಾರೆ. ಶಾಯಿ ಆವಿಯಾಗಿ ಮಗ್‌ನ ಪ್ಲಾಸ್ಟಿಕ್ ಲೇಪದೊಳಗೆ ಇಳಿಯುತ್ತದೆ. ಹುಡುಗ ತಿರುಗಿಸುವುದನ್ನು ಮರೆತರೆ ಅಕ್ಷರ ಉಲ್ಟಾ ಬರುತ್ತದೆ, ಅವನಿಗೆ ಕನ್ನಡ ಓದಲು ಬಾರದ್ದರಿಂದ ಗೊತ್ತೂ ಆಗುವುದಿಲ್ಲ. ಇನ್ನೊಂದು, ಒತ್ತಕ್ಷರ. ಹಳೆಯ ಡಿಸೈನ್ ಸಾಫ್ಟ್‌ವೇರ್‌ಗೆ ವಾಟ್ಸಾಪ್‌ನಿಂದ ಕಾಪಿ ಮಾಡಿ ಹಾಕಿದರೆ 'ನಿವೃತ್ತಿ' ಎಂಬುದು 'ನಿವೃತ್‌ತಿ' ಆಗಿ ನಿಲ್ಲುತ್ತದೆ. ಒತ್ತು ಕೆಳಗಿಳಿಯುವುದಿಲ್ಲ, ಅರ್ಕಾವತ್ತು ದಾರಿ ತಪ್ಪುತ್ತದೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕಳಿಸಿದರಂತೂ ಅಲ್ಲಿ ತೆರೆಯುವುದು ರೋಮನ್ ಅಕ್ಷರಗಳ ಗೋಜಲು.

ಇದಕ್ಕೆ ನನ್ನ ಪರಿಹಾರ: ಬರಹವನ್ನು ಎಂದೂ ಅಕ್ಷರವಾಗಿ ಕಳಿಸುವುದಿಲ್ಲ, ಚಿತ್ರವಾಗಿ ಕಳಿಸುತ್ತೇನೆ. 325 ಮಿ.ಲೀ. ಮಗ್‌ಗೆ ಸುತ್ತುವ ಜಾಗ ಸುಮಾರು 20 x 9 ಸೆಂ.ಮೀ. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಅದು 2362 x 1063 ಪಿಕ್ಸೆಲ್. ಪಿಎನ್‌ಜಿ ಚಿತ್ರ ಮಾಡಿ, ವಾಟ್ಸಾಪ್‌ನಲ್ಲಿ ಫೋಟೊ ಆಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲದಿದ್ದರೆ ಕುಗ್ಗಿ ಅಕ್ಷರದ ಅಂಚು ಮಸುಕಾಗುತ್ತದೆ. ಅಕ್ಷರದ ಎತ್ತರ 8 ಮಿ.ಮೀ.ಗಿಂತ ಕಡಿಮೆ ಬೇಡ. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಹಿಡಿ ನಮ್ಮ ಬಲಕ್ಕೆ ಬರುವಂತೆ ಮಗ್ ಇಟ್ಟಾಗ ಎದುರಿಗೆ ಕಾಣುವ ಬದಿಯೇ ಬಲಗೈಯಲ್ಲಿ ಕುಡಿಯುವವರಿಗೆ ಕಾಣುವ ಬದಿ. ಹೆಸರು ಅಲ್ಲಿರಲಿ. ಎಡಚರಿಗೆ ಇದರ ಉಲ್ಟಾ.

ಆದರೆ ಈ ಮುದ್ರಣ ಬಾಳುವುದು ಮನೆಗೆಲಸದವರು ಯಾವುದರಲ್ಲಿ ತಿಕ್ಕುತ್ತಾರೆ ಎಂಬುದರ ಮೇಲೆ. ಸ್ಟೀಲ್ ತಂತಿಯ ಜುಂಗು ಆಡಿಸಿದರೆ ಲೇಪವೇ ಕೆರೆದು ಹೋಗುತ್ತದೆ. ಡಿಕಾಲ್ (ಬರಹ ಮುದ್ರಿಸಿದ ತೆಳು ಪದರ) ಅಂಟಿಸಿ 800 ಡಿಗ್ರಿ ಆಸುಪಾಸಿನಲ್ಲಿ ಮತ್ತೊಮ್ಮೆ ಸುಟ್ಟ ಬರಹ ಗಟ್ಟಿ ನಿಲ್ಲುತ್ತದೆ, ಆದರೆ ಒಂದೆರಡು ಮಗ್‌ಗಾಗಿ ಅದನ್ನು ಮಾಡಿಕೊಡುವವರು ಕಡಿಮೆ. ಮೇಲಾಗಿ ಸಬ್ಲಿಮೇಷನ್‌ಗೆ ಸುಲಭವಾಗಿ ಸಿಗುವುದು ಆ 325ರ ಮಗ್ಗೇ. ಅಳತೆ ಮತ್ತು ಬರಹದ ನಡುವೆ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಅಳತೆಯನ್ನೇ ಆರಿಸುತ್ತೇನೆ. 240 ಮಿ.ಲೀ.ನ ಸಾದಾ ಸ್ಟೋನ್‌ವೇರ್, ಜೊತೆಗೆ ಎಲ್ಲರೂ ಕೈಯಲ್ಲಿ ಬರೆದು ಸಹಿ ಹಾಕಿದ ಕಾರ್ಡು. ಮಗ್ ಒಂದಲ್ಲ, ಜೋಡಿ. ನಿವೃತ್ತಿಯ ಮರುದಿನದಿಂದ ಬೆಳಗಿನ ಕಾಫಿಗೆ ಮನೆಯಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರಿಗೆ ಮಾತ್ರ ಹೊಸ ಮಗ್ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಕಟ್ಟುವಾಗ ಮೊದಲು ಹಿಡಿಯ ಸಂದಿಗೆ ಕಾಗದ ತುರುಕಿ, ಆಮೇಲೆ ಬಬಲ್ ಹಾಳೆ ಎರಡು ಸುತ್ತು. ಪೆಟ್ಟಿಗೆಯಲ್ಲಿ ಸುತ್ತಲೂ ಎರಡು ಮೂರು ಸೆಂ.ಮೀ. ಮೆತ್ತೆ, ಜೋಡಿಯ ನಡುವೆ ರಟ್ಟಿನ ಗೋಡೆ. ಅಲುಗಿಸಿದರೆ ಸದ್ದು ಬರಬಾರದು. ಲೋಕಲ್ ರೈಲಿನ ನೂಕುನುಗ್ಗಲಿಗೂ, ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಮರಳುವವರ ಸಾಮಾನಿಗೂ ಇಷ್ಟು ಬೇಕು. ಮಗ್‌ನ ಒಳಗೆ 50 ಗ್ರಾಂ ಕಾಫಿಪುಡಿಯ ಪೊಟ್ಟಣ ಸರಿಯಾಗಿ ಕೂರುತ್ತದೆ, ಒಳಗಿನ ಮೆತ್ತೆಯೂ ಅದೇ. ಮಾಟುಂಗಾದಲ್ಲಿ ಹಿಂದಿನ ದಿನವೇ ಫಿಲ್ಟರಿಗೆಂದು ಬೀಸಿಸಿ ತರುತ್ತೇನೆ. ಚಿಕೋರಿ ಎಷ್ಟು ಎಂಬುದನ್ನು ಮೂರು ವಾರದ ಹಿಂದೆ ಲೋಟದ ಅಳತೆ ಕೇಳಿದಾಗಲೇ ಅಕ್ಕನಿಂದ ಕೇಳಿ ಬರೆದಿಟ್ಟುಕೊಂಡಿರುತ್ತೇನೆ.